ಬೀಡಿ ಕಟ್ಟುವ ಚಾವಡಿಯಲ್ಲಿ ಗರ್ಜಿಸಿದ ಪುಟ್ಟ ಫ್ಯಾನಿನವರಿಗೆ

ಮಾನ್ಯರೇ,

ವಾಮದಪದವು ಪೇಟೆಯಿಂದ ಸ್ವಲ್ಪ ಒಳಗೆ, ಎಲೆ-ಹುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನ ಎದುರುಮನೆಯ ಚಾವಡಿಯಿಂದ, ಮಧ್ಯಾಹ್ನದ ಚಿತ್ರಕೂಟದ ಸಂಚಾಲಕಿಯೂ ಕಾರ್ಯದರ್ಶಿಯೂ ಕೊನೆಗೆ ಕಸ ಗುಡಿಸುವವಳೂ ಆದ ಸಾತ್ವಿಕಾ ಎಂಬ ನಾನು ಗೌರವಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಕಂಪ್ಯೂಟರಿನ ತಮ್ಮ ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಅಂಟಿಕೊಂಡ ಸ್ಥಿತಿಯಲ್ಲಿ, ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಪ್ಪಳದ ಹಳೆಯ ಡಬ್ಬಿಯೊಳಗೆ ಕ್ಷೇಮವಾಗಿದ್ದೀರಿ ಎಂದು ನಂಬುತ್ತೇನೆ. ಡಬ್ಬಿಯೊಳಗೆ ಇರುವವರಿಗೆ ಬಹಿರಂಗ ಪತ್ರವೇ ಎಂದು ಅಮ್ಮ ನಗುತ್ತಾಳೆ. ಹೊರಗೆ ಬಂದು ಮಾತು ಕೇಳುವವರಾಗಿದ್ದರೆ ಯಾರಿಗಾದರೂ ಯಾಕೆ ಬಹಿರಂಗ ಪತ್ರ ಬರೆಯಬೇಕಿತ್ತು ಎಂದು ನಾನು ಉತ್ತರ ಕೊಟ್ಟಿದ್ದೇನೆ.

ದೂರಿಗೆ ಮೊದಲು ಗುಣಗಾನ ಮಾಡುವುದು ಸಭ್ಯತೆ. ತಾವು ಗಾತ್ರದಲ್ಲಿ ಒಂದು ಚಕ್ಕುಲಿಗಿಂತ ದೊಡ್ಡವರಲ್ಲ. ಆದರೂ ತಾವು ಮನಸ್ಸು ಮಾಡಿದರೆ, ಸಿದ್ಧಕಟ್ಟೆಯ ಕಡೆಯಿಂದ ಏರು ಹತ್ತುವ ಬಸ್ಸು ನಮ್ಮ ಚಾವಡಿಯೊಳಗೇ ಬಂದು ಗೇರು ಬದಲಿಸಿದಂತೆ ಕೇಳಿಸುತ್ತದೆ. ದೊಡ್ಡ ಮೈಕು, ದೊಡ್ಡ ಹಾರ, ದೊಡ್ಡ ವೇದಿಕೆ ಎಲ್ಲ ಇದ್ದೂ ಮೂರನೆಯ ಸಾಲಿಗೆ ಏನೂ ಕೇಳಿಸದಂತೆ ಮಾತಾಡಿ ಹೋಗುವ ಮಹನೀಯರು ನಮ್ಮ ತಾಲೂಕಿನಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲ ತಮ್ಮ ಹತ್ತಿರ ಒಂದು ವಾರದ ತರಬೇತಿ ಪಡೆಯಬೇಕು ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿದೆ.

ಈಗ ತಾವು ಬಂದು ಸೇರಿದ ಚಾವಡಿಯ ವಿಷಯ. ಮಧ್ಯಾಹ್ನದ ಊಟವಾದ ಮೇಲೆ ನನ್ನ ಅಮ್ಮ ಶಶಿಪ್ರಭಾ, ಬದಿಮನೆಯ ಖದೀಜಕ್ಕ ಮತ್ತು ಆಸುಪಾಸಿನ ಇನ್ನೂ ಮೂರ್ನಾಲ್ಕು ಮಂದಿ ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರದಂಥ ತಮ್ಮ ತಮ್ಮ ಗೆರಸೆ ಹಿಡಿದುಕೊಂಡು ಅಲ್ಲಿ ಸೇರಿ ಬೀಡಿ ಕಟ್ಟುತ್ತಾರೆ. ಚಾವಡಿಯ ಮಾಡಿನಲ್ಲಿ ದೊಡ್ಡ ಫ್ಯಾನೊಂದು ಉಂಟು. ಆದರೆ ಬೀಡಿ ಕಟ್ಟುವ ಹೊತ್ತಿನಲ್ಲಿ ಅದಕ್ಕೆ ತಿರುಗುವ ಅಧಿಕಾರ ಇಲ್ಲ. ಗಾಳಿ ತಾಗಿದರೆ ನೆನೆಸಿ ಹದ ಮಾಡಿಟ್ಟ ಎಲೆ ಒಣಗಿ ಸುತ್ತುವಾಗ ಒಡೆಯುತ್ತದೆ, ಗೆರಸೆಯ ಹೊಗೆಸೊಪ್ಪಿನ ಹುಡಿ ಹಾರುತ್ತದೆ. ಏಪ್ರಿಲಿನ ಸೆಕೆಯಲ್ಲೂ ಇವರು ಬೆವರು ಒರೆಸಿಕೊಂಡು ಕೂರುವರೇ ಹೊರತು ಯಾರ ಕೈಯೂ ಸ್ವಿಚ್ಚಿನ ಕಡೆಗೆ ಹೋಗುವುದಿಲ್ಲ. ಇಂಥ ಚಾವಡಿಯಲ್ಲಿ ಹಗಲು ಹೊತ್ತು ತಿರುಗುವ ಹಕ್ಕು ಸಿಕ್ಕಿದ ಏಕೈಕ ಫ್ಯಾನ್ ತಾವು. ಈ ಗೌರವ ಎಷ್ಟು ದೊಡ್ಡದೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ ಎಂದು ನಾನೇ ಹೇಳುತ್ತಿದ್ದೇನೆ.

ತಮ್ಮಂಥವರು ಬೀಡಿಯವರ ನಡುವೆ ಬಂದದ್ದು ಹೇಗೆಂದರೆ, ಅದಕ್ಕೆ ಒಂದು ಕರಪತ್ರ ಕಾರಣ. ಬಂಟ್ವಾಳದಲ್ಲಿ ಸಭೆಗಳು ಮುಗಿದ ಮೇಲೆ ನೆಲದಲ್ಲಿ ಬಿದ್ದ ಕರಪತ್ರಗಳನ್ನು ಹೆಕ್ಕಿ, ಪಾಣೆಮಂಗಳೂರಿನ ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಕಿರುಪುಸ್ತಕಗಳನ್ನು ತಂದು ಓದಿ ವಿದ್ಯಾವಂತೆ ಆದವಳು ನಾನು. ಅವುಗಳಲ್ಲೊಂದರಲ್ಲಿ, ಕ್ಯೂಬಾ ದೇಶದಲ್ಲಿ ಚುಟ್ಟಾ ಕಟ್ಟುವವರು ತಾವೇ ವಂತಿಗೆ ಹಾಕಿ ಒಬ್ಬ ಓದುಗನನ್ನು ಇಟ್ಟುಕೊಂಡು, ಕೈ ಕೆಲಸ ಮಾಡುತ್ತಿರುವಾಗ ಕಿವಿಗೆ ಪುಸ್ತಕ ಓದಿಸಿಕೊಳ್ಳುತ್ತಿದ್ದರು ಎಂದಿತ್ತು. ಅದನ್ನು ಓದಿದ ಮರುದಿನವೇ ನಾನು ಚಾವಡಿಯ ನಡುವೆ ಕುರ್ಚಿ ಹಾಕಿ, ಗಂಟಲು ಸರಿ ಮಾಡಿಕೊಂಡು, ಶ್ರಮ ಮತ್ತು ಬಂಡವಾಳದ ಸಂಬಂಧದ ಬಗ್ಗೆ ಓದಲು ಶುರು ಮಾಡಿದೆ. ಎರಡು ಮಧ್ಯಾಹ್ನ ಎಲ್ಲರೂ ತಾಳ್ಮೆಯಿಂದ ಕೇಳಿದರು. ಮೂರನೆಯದರಲ್ಲಿ ಖದೀಜಕ್ಕ ಮೆಲ್ಲಗೆ, ‘ಸಾತ್ವಿಕಾ, ಈ ಬಂಡವಾಳ ಅನ್ನುವವನಿಗೆ ಮದುವೆ ಆಗಿದೆಯಾ?’ ಎಂದು ಕೇಳಿದರು. ಅವರಿಗೆ ಕಥೆ ಬೇಕು ಎಂದು ನನಗೆ ಅರ್ಥವಾಯಿತು. ಬೀಡಿ ಕಟ್ಟುತ್ತ ಸಿನಿಮಾ ನೋಡುವ ಚಿತ್ರಕೂಟ ಹುಟ್ಟಿದ್ದು ಹಾಗೆ.

ನಮ್ಮಲ್ಲಿ ದೊಡ್ಡ ಟಿವಿ ಮೊದಲೇ ಇತ್ತು. ಮಸ್ಕತ್ತಿನಿಂದ ಮಾವ ತಂದದ್ದು, ಚಿತ್ರ ಬಹಳ ಸ್ಪಷ್ಟ. ಪೆನ್‌ಡ್ರೈವ್ ಹಾಕುವ ಅದರ ಕಿಂಡಿಯೊಳಗೆ ಮಾತ್ರ ಇರುವೆಗಳು ಸಂಸಾರ ಹೂಡಿವೆ. ಅವುಗಳಿಗೆ ಬೇರೆಯೇ ಪತ್ರ ಬರೆಯಲಿದ್ದೇನೆ. ಹಾಗಾಗಿ ಯಾವುದೋ ಕಚೇರಿಯವರು ಹಳತಾಯಿತೆಂದು ಕೊಟ್ಟುಬಿಟ್ಟ, ಬಿಸ್ಕತ್ತಿನ ಡಬ್ಬಿಯಷ್ಟೇ ದಪ್ಪದ ಒಂದು ಸಪೂರ ಕಂಪ್ಯೂಟರನ್ನು ತಂದು ಟಿವಿಗೆ ಜೋಡಿಸಿದೆ. ಅದನ್ನು ಟಿವಿಯ ಕೆಳಗೆ, ಗೆರಸೆಗಳ ಎತ್ತರಕ್ಕೇ ಬರುವಂತೆ ಮಣೆಯ ಮೇಲೆ ಇಟ್ಟೆ. ಯಂತ್ರವೂ ದುಡಿಯುವವರಲ್ಲಿ ಒಂದು, ಅದಕ್ಕೆ ಎತ್ತರದ ಪೀಠ ಯಾಕೆ, ಎಲ್ಲರ ಸಾಲಿನಲ್ಲೇ ಕೂರಲಿ ಎನ್ನುವುದು ನನ್ನ ಸಿದ್ಧಾಂತವಾಗಿತ್ತು. ಈ ಮಣೆಯನ್ನು ತಾವು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಹಳೆಯ ಸಿನಿಮಾಗಳಿಗೆಲ್ಲ ಆ ಕಂಪ್ಯೂಟರು ಸಾಕಾಗಿತ್ತು. ಸಾಕಾಗದೆ ಹೋದದ್ದು ಶಹಲಾಳ ಚಿತ್ರಕ್ಕೆ. ಶಹಲಾ ಖದೀಜಕ್ಕನ ಮಗಳು, ಮೂಡುಬಿದಿರೆಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಪರೀಕ್ಷೆಗೆಂದು ಅವಳು ತನ್ನ ತಾಯಿಯನ್ನೇ ಕೂರಿಸಿ, ಬೀಡಿ ಕಟ್ಟುವವರ ಬಗ್ಗೆ ಒಂದು ಸಣ್ಣ ಚಿತ್ರ ಮಾಡಿದಳು. ಖದೀಜಕ್ಕ ಮಾತಾಡುವುದು ನೂಲು ಸುತ್ತಿದಷ್ಟೇ ಮೆಲ್ಲಗೆ. ಬಸ್ಸಿನಲ್ಲಿ ಅವರು ಇಳಿಯುವ ಜಾಗ ಹೇಳಿದರೆ ಕಂಡಕ್ಟರನಿಗೆ ಕೇಳಿಸಿದ ದಾಖಲೆ ಇಲ್ಲ, ಬದಿಯಲ್ಲಿ ಕೂತವರು ಕೂಗಿ ಹೇಳಬೇಕು. ಅಂಥವರು ಕ್ಯಾಮೆರಾದ ಎದುರು ಏನೋ ಹೇಳಿದ್ದರು. ಅದನ್ನು ಕಾಲೇಜಿನಲ್ಲಿ ತೋರಿಸುವ ಮೊದಲು ಅವರದ್ದು ಒಂದೇ ಷರತ್ತು. ‘ಇಲ್ಲಿ ಹಾಕು. ನಾವೆಲ್ಲ ಒಟ್ಟಿಗೆ ಕೇಳ್ತೇವೆ. ಮತ್ತೆ ಹೂಂ ಅಂತೇನೆ. ಬೇಡ ಅಂತ ಆದರೆ ನನ್ನ ಮಾತು ಪೂರ್ತಿ ತೆಗಿಬೇಕು.’ ನೀನೊಬ್ಬಳೇ ಮೊಬೈಲಿಗೆ ಇಯರ್‌ಫೋನ್ ಹಾಕಿ ಕೇಳು ಉಮ್ಮಾ ಎಂದು ಮಗಳು ಬೇಡಿಕೊಂಡರೂ ಒಪ್ಪಲಿಲ್ಲ. ‘ನಾನು ಹೇಳಿದ್ದು ಇವರ ವಿಷಯ. ಇವರಿಗೆ ಕೇಳದೆ ನಾನು ಹೇಗೆ ಹೂಂ ಅನ್ನುದು?’ ಊರಿನಲ್ಲಿ ಒಂದೇ ಸಹಿಯಿಂದ ಹತ್ತು ಜನರ ಹಣೆಬರಹ ಬದಲಿಸುವ ದೊಡ್ಡವರಿಗೆ ಹೊಳೆಯದ ಈ ಪದ್ಧತಿಯನ್ನು ಯಾವ ಕರಪತ್ರದಲ್ಲೂ ನಾನು ಓದಿರಲಿಲ್ಲ.

ಆದರೆ ಶಹಲಾ ಚಿತ್ರವನ್ನು ಇತ್ತೀಚಿನ, ಬಹಳ ಸೂಕ್ಷ್ಮವಾದ ನಮೂನೆಯಲ್ಲಿ ತೆಗೆದಿದ್ದಳು. ನಮ್ಮ ಕಂಪ್ಯೂಟರಿಗೆ ಹಾಕಿ ನೋಡಿದರೆ ಚಿತ್ರ ತಡವರಿಸುತ್ತಿತ್ತು. ಬಾಯಿ ಇಂದು ಆಡಿದ ಮಾತು ಕಿವಿಗೆ ನಾಳೆ ಬರುವಂತಿತ್ತು. ಇದಕ್ಕೆ ಚಿತ್ರ ಮೂಡಿಸುವ ಕೆಲಸವನ್ನೇ ವಹಿಸಿಕೊಳ್ಳುವ ಒಂದು ಗ್ರಾಫಿಕ್ಸ್ ಕಾರ್ಡು ಹಾಕಿದರೆ ಸರಿಯಾಗುತ್ತದೆ ಎಂದು ತಿಳಿದು, ನಾನು ಎರಡು ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ.

ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಗಣೇಶಪ್ರಸಾದ್ ಅನ್ನುವವರ ಕಂಪ್ಯೂಟರ್ ಅಂಗಡಿ. ಊರೂರಿನಿಂದ ಓದಲು ಬಂದ ವಿದ್ಯಾರ್ಥಿಗಳು, ಓದುವುದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೇಕಾದ ಸಾಮಾನು ಕೊಳ್ಳುವ ಜಾಗ ಅದು. ಅವರು ನನ್ನನ್ನು ಕಂಡ ಕೂಡಲೇ, ‘ಯಾವ ಗೇಮಿಗೆ?’ ಎಂದರು. ‘ಗೇಮಿಗಲ್ಲ, ಬೀಡಿಗೆ’ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ತಪ್ಪು ಕೇಳಿಸಿತೆಂದು ತೀರ್ಮಾನಿಸಿ, ತೆಂಗಿನಕಾಯಿಯ ಹೆರೆಮಣೆಯಷ್ಟು ಉದ್ದದ, ಮೂರು ಮೂರು ಫ್ಯಾನುಗಳ, ಮದುವೆ ಹಾಲಿನ ದ್ವಾರದಂತೆ ಬಣ್ಣಬಣ್ಣದ ದೀಪ ಬಿಡುವ ಒಂದು ಕಾರ್ಡನ್ನು ಮೇಜಿನ ಮೇಲೆ ಇಟ್ಟರು. ಅದನ್ನು ನಮ್ಮ ಕಂಪ್ಯೂಟರಿನೊಳಗೆ ಹಾಕಲಾಗುವುದಿಲ್ಲ, ಬೇಕಾದರೆ ಕಂಪ್ಯೂಟರನ್ನೇ ಅದರೊಳಗೆ ಹಾಕಬಹುದು ಎಂದೆ.

ನನ್ನ ಬೇಡಿಕೆಗಳನ್ನು ಮಂಡಿಸಿದೆ. ಕಾರ್ಡು ಅರ್ಧ ಎತ್ತರದ್ದಾಗಿರಬೇಕು, ಲೋ ಪ್ರೊಫೈಲ್ ಅನ್ನುತ್ತಾರಲ್ಲ, ಅದು. ಬೇರೆ ತಂತಿ ಎಳೆದು ಕರೆಂಟು ಕೇಳಬಾರದು, ತನ್ನನ್ನು ಸಿಕ್ಕಿಸಿದ ಜಾಗದಿಂದ ಸಿಕ್ಕಿದಷ್ಟರಲ್ಲೇ ತೃಪ್ತಿಯಾಗಿರಬೇಕು. ಹೊಸ ನಮೂನೆಯ ವಿಡಿಯೊ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಶಬ್ದ ಮಾಡಬಾರದು. ತಲೆ ತಗ್ಗಿಸಿ ಬದುಕುವುದನ್ನು ತಾತ್ವಿಕವಾಗಿ ವಿರೋಧಿಸುವ ನಾನು, ತಲೆ ತಗ್ಗಿಸಿದವರನ್ನೇ ಆರಿಸಿ ಕೊಡಿ ಎಂದು ಅಂಗಡಿಯಲ್ಲಿ ನಿಂತು ಕೇಳಿದ್ದು ಅದೇ ಮೊದಲು. ಗಣೇಶಪ್ರಸಾದರು ಎಲ್ಲವನ್ನೂ ಕೇಳಿ, ‘ಹಾಗಾದರೆ ನಿಮಗೆ ಬೇಕಾದದ್ದು ಕಾರ್ಡಲ್ಲ ಮಾರಾಯ್ರೆ, ಸನ್ಯಾಸಿ’ ಎಂದರು. ಆಮೇಲೆ, ‘ಇಷ್ಟೆಲ್ಲ ಯಾಕೆ? ವಿಡಿಯೊವನ್ನೇ ಸ್ವಲ್ಪ ಸಣ್ಣದು ಮಾಡಿದರೆ ಆಯ್ತಲ್ವಾ?’ ಎಂದರು. ಇದಕ್ಕೆ ನಾನು, ದೇಶದ ಎರಡನೇ ದರ್ಜೆಯ ಅಕ್ಕಿ, ಎರಡನೇ ದರ್ಜೆಯ ಬಸ್ಸು, ಎರಡನೇ ದರ್ಜೆಯ ಔಷಧಿ ಎಲ್ಲ ಈಗಾಗಲೇ ಬೀಡಿ ಕಟ್ಟುವವರ ಪಾಲಿಗೆ ಬಂದಿರುವಾಗ, ಅವರ ಸ್ವಂತ ಮುಖವನ್ನೂ ಎರಡನೇ ದರ್ಜೆಯಲ್ಲೇ ತೋರಿಸಬೇಕೇ ಎಂದು ಕೇಳಿದೆ. ಕೀಬೋರ್ಡು ಕೊಳ್ಳಲು ಬಂದಿದ್ದ ಒಬ್ಬ ವಿದ್ಯಾರ್ಥಿ ಚಪ್ಪಾಳೆ ತಟ್ಟಿದ. ಗಣೇಶಪ್ರಸಾದರು ಏಣಿ ಹತ್ತಿದರು.

ಮೇಲಿನಿಂದ ಬಂದದ್ದು ಎರಡು ಪೆಟ್ಟಿಗೆ. ಒಂದರಲ್ಲಿ ಫ್ಯಾನೇ ಇಲ್ಲದ, ಬಾಚಣಿಗೆಯಂಥ ಅಲ್ಯೂಮಿನಿಯಂ ಹಲ್ಲುಗಳಿಂದಲೇ ಬಿಸಿಯನ್ನು ಹೊರಗೆ ಬಿಡುವ ಕಾರ್ಡು. ನನ್ನ ಮನಸ್ಸು ಅದರ ಮೇಲೆ ಹೋಯಿತು. ಆದರೆ ಅದು ಹಳೆಯ ಕಾಲದ್ದು, ಶಹಲಾಳ ನಮೂನೆಯ ವಿಡಿಯೊ ಅದಕ್ಕೆ ಅರ್ಥವಾಗುವುದಿಲ್ಲ ಎಂದು ತಿಳಿಯಿತು. ಅರ್ಥವಾಗುವಂಥ ಫ್ಯಾನಿಲ್ಲದ ಕಾರ್ಡು ಬೇಕಾದರೆ ತರಿಸಬೇಕು, ಯಾವಾಗ ಬರುತ್ತದೆಂದು ಹೇಳಲಾಗದು. ಇನ್ನೊಂದು ಪೆಟ್ಟಿಗೆಯಲ್ಲಿ ತಾವು ಇದ್ದಿರಿ. ತಮ್ಮ ಪೆಟ್ಟಿಗೆಯ ಮೇಲೆ, ತಾವು ಪಿಸುಮಾತಿಗಿಂತ ಮೆತ್ತಗೆ ಎಂಬ ಅರ್ಥದ ಒಂದು ವಾಕ್ಯವನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿದ್ದರು. ‘ಇದು ಇದ್ದದ್ದೇ ಗೊತ್ತಾಗುದಿಲ್ಲ’ ಎಂದು ಗಣೇಶಪ್ರಸಾದರೂ ಹೇಳಿದರು. ನಾನು ಸುಮ್ಮನೆ ನಂಬುವವಳಲ್ಲ, ಅಲ್ಲೇ ಹಾಕಿ ತಿರುಗಿಸಿ ತೋರಿಸಿ ಎಂದೆ. ತಿರುಗಿಸಿದರು. ಏನೂ ಕೇಳಿಸಲಿಲ್ಲ. ಹೊರಗೆ ಕಾರ್ಕಳದ ಬಸ್ಸು, ಬೆಳ್ತಂಗಡಿಯ ಬಸ್ಸು ಎರಡೂ ಒಟ್ಟಿಗೆ ಹಾರ್ನು ಹಾಕುತ್ತಿದ್ದವು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಮೌನವನ್ನು ಪರೀಕ್ಷಿಸುವುದೆಂದರೆ ಮೀನು ಮಾರ್ಕೆಟ್ಟಿನಲ್ಲಿ ನಿಂತು ಮಲ್ಲಿಗೆಯ ಪರಿಮಳ ನೋಡಿದ ಹಾಗೆ ಎಂಬುದು ತಮ್ಮನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಆದರೂ ನ್ಯಾಯವಾಗಿ ಹೇಳುತ್ತೇನೆ, ತಾವು ಬಂದ ಹೊಸದರಲ್ಲಿ ನಡತೆ ಉತ್ತಮವಾಗಿತ್ತು. ಶಹಲಾ ಚಿತ್ರವನ್ನು ತಿದ್ದುತ್ತಿದ್ದ ಆ ಕೆಲವು ವಾರ ನಾವು ಬೇರೆ ಬೇರೆ ಸಿನಿಮಾ ನೋಡಿದೆವು. ತಾವು ಹೊಸ ಮದುಮಗಳಂತೆ ಮೂಲೆಯಲ್ಲಿ ಕೂತು ಕೆಲಸ ಮಾಡಿದಿರಿ. ಆಮೇಲೆ ಒಂದು ಮಧ್ಯಾಹ್ನ ಸಣ್ಣ ಉಬ್ಬಸ ಶುರುವಾಯಿತು. ‘ದೂರದಲ್ಲಿ ಯಾರೋ ಹುಲ್ಲು ಕೊಯ್ಯುವ ಮೆಷಿನ್ ಬಿಟ್ಟಿದ್ದಾರೆ’ ಎಂದು ಅಮ್ಮ ಹೇಳಿದಳು. ಮರುವಾರ ಮೆಷಿನ್ ಹತ್ತಿರ ಬಂದ ಹಾಗಾಯಿತು. ಅದರ ಮರುವಾರ ಅದು ಚಾವಡಿಯೊಳಗೇ ಬಂತು.

ಅಷ್ಟರಲ್ಲಿ ಶಹಲಾಳ ಚಿತ್ರವೂ ಬಂತು. ಕಾಲೇಜಿನ ಪ್ರದರ್ಶನಕ್ಕೆ ವಾರವಷ್ಟೇ ಉಳಿದಿತ್ತು. ಎಲ್ಲರೂ ಗೆರಸೆಯೊಂದಿಗೆ ಕೂತರು. ಖದೀಜಕ್ಕ ಹೊಸ ಶಾಲು ಹೊದ್ದುಕೊಂಡು ಬಂದಿದ್ದರು, ತೆರೆಯಲ್ಲಿ ಇರುವವರು ತಾವಾದರೂ ಎದುರು ಕೂರುವವರಿಗೂ ಒಂದು ಮರ್ಯಾದೆ ಬೇಡವೇ ಎಂಬಂತೆ. ಚಿತ್ರ ಶುರುವಾಯಿತು. ಕೈಗಳು ಕಂಡವು, ಎಲೆ ಕಂಡಿತು, ಖದೀಜಕ್ಕನ ಮುಖ ತೆರೆ ತುಂಬ ಬಂತು. ಬಾಯಿ ತೆರೆದರು. ಅದೇ ಕ್ಷಣಕ್ಕೆ ತಾವೂ ತೆರೆದಿರಿ. ಅಂಥ ಗರ್ಜನೆಯನ್ನು ನಾನು ಪಿಲಿಕುಳದ ಮೃಗಾಲಯದ ಹುಲಿಯಿಂದಲೂ ಕೇಳಿರಲಿಲ್ಲ. ‘ಸಾತ್ವಿಕಾ, ಮಿಕ್ಸಿ ಬಂದ್ ಮಾಡು’ ಎಂದು ಅಮ್ಮ ಕೂಗಿದಳು. ಮಿಕ್ಸಿ ಅಲ್ಲ, ಪಿಸುಮಾತು ಎಂದೆ. ಟಿವಿಯ ಸೌಂಡು ಏರಿಸಲು ಹೋದರೆ ಖದೀಜಕ್ಕ ಗಾಬರಿಯಿಂದ ನನ್ನ ಕೈ ಹಿಡಿದರು. ‘ಬೇಡ ಮಾರಾಯ್ತಿ, ಎದುರು ಬ್ರಾಂಚಿಗೆ ಕೇಳ್ತದೆ. ಎಂತ ಹೇಳಿದ್ದೇನೆ ಅಂತ ನನಗೇ ಸಮ ನೆನಪಿಲ್ಲ.’ ಹಾಗೆ ತೆರೆಯ ಮೇಲೆ ಖದೀಜಕ್ಕನ ತುಟಿಗಳು ಅಲ್ಲಾಡಿದವು, ನಿಂತವು, ಮತ್ತೆ ಅಲ್ಲಾಡಿದವು, ಚಿತ್ರ ಮುಗಿಯಿತು. ಖದೀಜಕ್ಕ ನಮ್ಮೆಲ್ಲರ ಮುಖ ನೋಡಿ, ‘ನಾನು ಎಂತ ಹೇಳಿದ್ದು?’ ಎಂದು ಕೇಳಿದರು.

‘ನೀನು ಹೇಳಿದ್ದು ಯಾವತ್ತು ಯಾರಿಗೆ ಕೇಳಿದ್ದುಂಟು?’ ಎಂದು ಅಮ್ಮ ನಗಿಸಲು ನೋಡಿದಳು. ನಗು ಬರಲಿಲ್ಲ. ‘ಕೇಳದಿದ್ದರೆ ಬೇಡ, ಶಹಲಾ, ನನ್ನದು ತೆಗೆ’ ಎಂದು ಖದೀಜಕ್ಕ ಎದ್ದರು. ಶಹಲಾ ನನ್ನನ್ನು ನೋಡಿದಳು. ಕ್ಯೂಬಾದ ಓದುಗನಾಗಲು ಹೊರಟ ನಾನು ಒಂದು ಚಕ್ಕುಲಿಗೆ ಸೋತು ನಿಂತಿದ್ದೆ.

ಮರುದಿನ ಬೆಳಿಗ್ಗೆಯೇ ತಮ್ಮನ್ನು ಕಿತ್ತು, ಪೆಟ್ಟಿಗೆಯಲ್ಲಿ ಹಾಕಿ, ಭಾಷಣ ಸಿದ್ಧ ಮಾಡಿಕೊಂಡು ಮೂಡುಬಿದಿರೆಗೆ ಹೋದೆ. ಗ್ರಾಹಕರ ಹಕ್ಕುಗಳ ಬಗ್ಗೆ ನನ್ನ ಹತ್ತಿರ ಒಳ್ಳೆಯ ಕಿರುಪುಸ್ತಕವೊಂದು ಉಂಟು. ಅದರ ಮೊದಲ ವಾಕ್ಯ ಮುಗಿಯುವ ಮೊದಲೇ ಗಣೇಶಪ್ರಸಾದರು ತಮ್ಮ ಸ್ಕ್ರೂ ಬಿಚ್ಚಿ, ರೆಕ್ಕೆಗಳನ್ನು ಎತ್ತಿ, ಒಮ್ಮೆ ಊದಿ, ಅಂಗಡಿ ನಡುಗುವಂತೆ ಸೀನಿದರು. ಇನ್ನೊಮ್ಮೆ ಸೀನಿದರು. ಕಣ್ಣು ಒರೆಸಿಕೊಂಡು, ‘ಇದೆಂತ, ನಶ್ಯದ ಡಬ್ಬಿಯಾ?’ ಎಂದರು. ನೋಡಿದರೆ ತಮ್ಮ ರೆಕ್ಕೆಗಳ ಬುಡದಲ್ಲಿ, ಬಾಚಣಿಗೆಯಂಥ ಹಲ್ಲುಗಳ ಸಂದಿನಲ್ಲಿ, ಕಂದು ಬಣ್ಣದ ಹುಡಿ ಹತ್ತಿಯಂತೆ ಮೆತ್ತಿ ಕೂತಿತ್ತು. ಗೆರಸೆಗಳ ಸಾಲಿನಲ್ಲಿ, ಗೆರಸೆಗಳ ಎತ್ತರದಲ್ಲಿ, ಆ ಮಣೆಯ ಮೇಲೆ ಕೂತು ತಾವು ಇಷ್ಟು ವಾರ ಉಸಿರಾಡಿದ್ದು ಹೊಗೆಸೊಪ್ಪನ್ನು. ಗಾಳಿ ಹೊರಗೆ ಬಿಡಲು ಜಾಗವಿಲ್ಲದೆ ತಾವು ಇನ್ನೂ ಜೋರಾಗಿ ತಿರುಗಿದಿರಿ, ಜೋರಾಗಿ ತಿರುಗಿದಷ್ಟೂ ಇನ್ನಷ್ಟು ಹುಡಿ ಎಳೆದುಕೊಂಡಿರಿ, ಎಳೆದುಕೊಂಡಷ್ಟೂ ಕೂಗಿದಿರಿ.

ಗಣೇಶಪ್ರಸಾದರು ಕಂಪೆನಿಯ ವಾರಂಟಿಯ ಚೀಟಿ ತೆಗೆದು, ಸಣ್ಣ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿ ಹೇಳಿದರು. ಹೊಗೆಸೊಪ್ಪಿನ ಹೊಗೆ ಅಥವಾ ಹುಡಿ ಇರುವ ಜಾಗದಲ್ಲಿ ಬಳಸಿದರೆ ಯಂತ್ರದ ಆಯುಷ್ಯಕ್ಕೆ ಹಾನಿ, ಆದ್ದರಿಂದ ವಾರಂಟಿ ಅಲ್ಲಿಗೇ ರದ್ದು. ‘ಕಂಪೆನಿಯವರು ಹೇಳುದು ಸರಿ. ಇಂಥ ಜಾಗದಲ್ಲಿ ಯಾರು ಇರ್ತಾರೆ?’ ಎಂದರು, ಕೆಟ್ಟ ಮನಸ್ಸಿನಿಂದ ಅಲ್ಲ. ‘ನನ್ನ ಅಮ್ಮ ಇರ್ತಾಳೆ’ ಎಂದೆ. ಅವರು ಚೀಟಿಯನ್ನು ಮಡಚಿ ಒಳಗಿಟ್ಟರು. ಸಿದ್ಧ ಮಾಡಿಕೊಂಡು ಹೋಗಿದ್ದ ಭಾಷಣವನ್ನು ಅಲ್ಲೇ ಬಿಟ್ಟು, ತಮ್ಮನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಮಾನ್ಯರೇ, ಬಸ್ಸಿನಲ್ಲಿ ಹಿಂದೆ ಬರುವಾಗ ತಮ್ಮ ಮೇಲಿನ ನನ್ನ ಸಿಟ್ಟು ಸಿದ್ಧಕಟ್ಟೆಯಲ್ಲೇ ಇಳಿದುಹೋಯಿತು, ಟಿಕೆಟು ವಾಮದಪದವಿಗೆ ಇದ್ದರೂ. ಯಾಕೆಂದರೆ ನಾನು ಎಷ್ಟು ಯೋಚಿಸಿದರೂ ತಮ್ಮ ತಪ್ಪು ಸಿಗಲಿಲ್ಲ. ತಾವು ಕೆಲವೇ ವಾರ ಆ ಹುಡಿಯನ್ನು ಕುಡಿದು, ಇದು ಆಗುವುದಿಲ್ಲ ಎಂದು ಊರಿಗೆಲ್ಲ ಕೇಳಿಸುವಂತೆ ಕೂಗಿದಿರಿ. ನನ್ನ ಅಮ್ಮ ಮದುವೆಗೆ ಮೊದಲೇ ಗೆರಸೆ ಹಿಡಿದವಳು, ಖದೀಜಕ್ಕ ಅದಕ್ಕೂ ಮೊದಲು. ಅವರ ಕಡೆಯಿಂದ ಇಂದಿನವರೆಗೆ ಒಂದು ಗರ್ಜನೆ ಬಂದಿಲ್ಲ. ನಡುನಡುವೆ ಕೆಮ್ಮು ಬರುತ್ತದೆ, ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ತಮಗೆ ಒಂದು ವಾರಂಟಿ ಇತ್ತು, ಅದು ರದ್ದಾಯಿತು. ಇವರಿಗೆ ರದ್ದಾಗಲಿಕ್ಕೆ ಕೂಡ ಒಂದು ವಾರಂಟಿ ಇರಲಿಲ್ಲ. ಹೀಗಿರುವಾಗ ತಾವು ಗಲಾಟೆ ಮಾಡಿದಿರಿ ಎಂದು ನಾನು ದೂರು ಬರೆಯುವುದು ಹೇಗೆ? ಆ ಚಾವಡಿಯಲ್ಲಿ ನ್ಯಾಯವಾಗಿ ಗಲಾಟೆ ಮಾಡಿದವರು ತಾವೊಬ್ಬರೇ, ಉಳಿದವರೆಲ್ಲ ಪಿಸುಮಾತಿಗಿಂತ ಮೆತ್ತಗೆ ಎಂಬುದೇ ಈಗ ನನ್ನ ದೂರು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ದಯವಿಟ್ಟು ಹಪ್ಪಳದ ಡಬ್ಬಿಯಿಂದ ಎದ್ದು ಬಂದು, ಬಿಡುವಾದಾಗ ಅಮ್ಮನಿಗೆ ಗರ್ಜಿಸುವುದನ್ನು ಕಲಿಸಬೇಕು, ಬೆಳಗ್ಗೆ ದೋಸೆ ಹೊಯ್ಯುವ ಹೊತ್ತು ಬಿಟ್ಟು ಬೇರೆ ಯಾವ ಹೊತ್ತಾದರೂ ಆದೀತು. ಮುಂದಿನ ಬಾರಿ ಯಾರಾದರೂ ದೊಡ್ಡವರು ಬೀಡಿ ಕಾರ್ಮಿಕರ ಆರೋಗ್ಯದ ಬಗ್ಗೆ ಸಭೆ ಕರೆದರೆ, ತಾವು ಕಾರ್ಡಿನ ಸಮೇತ ವೇದಿಕೆಗೆ ಬಂದು, ನಾನು ಯಂತ್ರ, ನನ್ನಿಂದಲೇ ಆಗಲಿಲ್ಲ ಎಂದು ಸಾಕ್ಷಿ ಹೇಳಬೇಕು. ಇಷ್ಟೂ ಕಷ್ಟವಾದರೆ ತಮ್ಮ ರೆಕ್ಕೆಗಳಲ್ಲಿ ಒಂದನ್ನಾದರೂ ಕಳುಹಿಸಿಕೊಡಬೇಕು, ಅದನ್ನು ನಾವು ಎಲೆ ಕತ್ತರಿಸುವ ಅಳತೆಗೆ ಇಟ್ಟುಕೊಳ್ಳುತ್ತೇವೆ.

ಇಷ್ಟಾದರೂ ಖದೀಜಕ್ಕನ ಮಾತು ಯಾರೂ ಕೇಳಿಲ್ಲವಲ್ಲ ಎಂದು ತಾವು ಕೇಳಬಹುದು. ಅದಕ್ಕೂ ದಾರಿ ಸಿಕ್ಕಿತು. ಎರಡು ದಿನ ಬಿಟ್ಟು ಗಣೇಶಪ್ರಸಾದರೇ ಫೋನು ಮಾಡಿ, ‘ಮಂಗಳೂರಿನಲ್ಲಿ ಒಂದು ಉಂಟು, ಫ್ಯಾನಿಲ್ಲದ್ದು, ನಿಮ್ಮ ವಿಡಿಯೊ ಓದುವಂಥದ್ದು. ಬಸ್ಸಿನಲ್ಲಿ ಹಾಕಿ ಕಳಿಸಲಾ?’ ಎಂದರು. ಫೋನು ಇಡುವ ಮೊದಲು, ‘ಈ ಸಲ ಮೇಲೆ ಇಡಿ ಮಾರಾಯ್ರೆ’ ಎಂದರು. ಹೊಸ ಕಾರ್ಡು ಡ್ರೈವರನ ಸೀಟಿನ ಹಿಂದೆ ಕೂತು ಬಂತು. ಕಂಪ್ಯೂಟರನ್ನು ಮಣೆಯಿಂದ ಎಬ್ಬಿಸಿ, ಗೋಡೆಗೆ ಎತ್ತರದಲ್ಲಿ ಹಲಗೆ ಹೊಡೆಸಿ, ಬಿಸಿ ಹೋಗಲು ಅದರ ಒಂದು ಬದಿಯ ಮುಚ್ಚಳ ತೆಗೆದು ಕೂರಿಸಿದೆ. ಸಮಾನತೆಯ ಸಿದ್ಧಾಂತಕ್ಕೆ ಸ್ವಲ್ಪ ಭಂಗ ಬಂತು. ಯಂತ್ರವನ್ನು ಮೇಲೆ ಇಡುವುದಕ್ಕೆ ಬೇಸರವಿಲ್ಲ, ಬೀಡಿ ಕಟ್ಟುವವರನ್ನೂ ಹಾಗೆ ಆ ಹುಡಿಯಿಂದ ಮೇಲೆತ್ತಿ ಇಡುವ ಹಲಗೆ ಸಿಕ್ಕಿದ ದಿನ ನನ್ನ ಸಿದ್ಧಾಂತ ಮತ್ತೆ ಸಮವಾಗುತ್ತದೆ.

ಕಾಲೇಜಿನ ಪ್ರದರ್ಶನಕ್ಕೆ ಮೊದಲಿನ ಮಧ್ಯಾಹ್ನ ಎಲ್ಲರೂ ಮತ್ತೆ ಕೂತರು. ಖದೀಜಕ್ಕ ಈ ಸಲ ಮನೆಯಲ್ಲಿ ಹೊದೆಯುವ ಶಾಲಿನಲ್ಲೇ ಬಂದರು, ಹೆಚ್ಚು ಆಸೆ ಇಟ್ಟುಕೊಳ್ಳದವರಂತೆ. ಚಿತ್ರ ಶುರುವಾಯಿತು. ಚಾವಡಿಯಲ್ಲಿ ಏನೂ ತಿರುಗುತ್ತಿರಲಿಲ್ಲ. ಅಂಥ ಮೌನದಲ್ಲಿ ಎಲೆಗೆ ಕತ್ತರಿ ತಾಗುವ ಶಬ್ದವೂ ಜಾಸ್ತಿಯಾಯಿತೆಂದು ಒಬ್ಬೊಬ್ಬರೇ ಕೈ ನಿಲ್ಲಿಸಿದರು. ತೆರೆಯ ಮೇಲೆ ಖದೀಜಕ್ಕ ಬಾಯಿ ತೆರೆದರು, ಮತ್ತು ನಮಗೆ ಕೇಳಿಸಿತು. ಅವರು ತುಳುವಿನಲ್ಲಿ ಹೇಳಿದ್ದನ್ನು ತಮಗೆ ಅರ್ಥವಾಗಲೆಂದು ಕನ್ನಡದಲ್ಲಿ ಬರೆಯುತ್ತೇನೆ.

‘ಬೆಳಿಗ್ಗೆ ನನಗೆ ಗಡಿಯಾರ ಬೇಡ. ಯಾರು ಎದ್ದರು ಅಂತ ಕೆಮ್ಮಿನಲ್ಲೇ ಗೊತ್ತಾಗ್ತದೆ. ಶಶಿಯದ್ದು ಗಿಡ್ಡ ಕೆಮ್ಮು, ಎರಡು ಸಲ, ಮತ್ತೆ ಕೊಡಪಾನದ ಶಬ್ದ. ಆಚೆಮನೆಯವಳದ್ದು ಉದ್ದ. ನನ್ನದೂ ಅವರಿಗೆ ಗೊತ್ತಿರಬೇಕು. ಇದರ ಬಗ್ಗೆ ನಾವು ಒಬ್ಬರ ಹತ್ತಿರ ಒಬ್ಬರು ಮಾತಾಡಿದ್ದಿಲ್ಲ. ಕಟ್ಟಿದ ಬೀಡಿ ಸಮ ಉಂಟಾ ಅಂತ ಬ್ರಾಂಚಿನಲ್ಲಿ ಒಂದೊಂದೇ ಮುಟ್ಟಿ ನೋಡ್ತಾರೆ. ಕಟ್ಟಿದವಳು ಸಮ ಇದ್ದಾಳಾ ಅಂತ ನೋಡುವ ಪದ್ಧತಿ ಇಲ್ಲ.’

ಇಷ್ಟೇ. ಆಮೇಲೆ ತೆರೆಯಲ್ಲಿ ಮತ್ತೆ ಕೈಗಳು ಬಂದವು. ನಾನು ಅಮ್ಮನ ಕಡೆಗೆ ನೋಡಿದೆ. ಅಮ್ಮನ ಮುಖ ಕೆಂಪಾಗಿತ್ತು, ಸೆರಗು ಬಾಯಿಯ ಮೇಲಿತ್ತು, ಅಳುತ್ತಿದ್ದಾಳೆ ಎಂದುಕೊಂಡೆ. ಅಳುವಲ್ಲ, ಬಂದ ಕೆಮ್ಮನ್ನು ತಡೆಯುತ್ತಿದ್ದಳು. ತಡೆದಳು, ತಡೆದಳು, ಕೊನೆಗೆ ಅದು ಹೊರಟೇಹೋಯಿತು. ಗಿಡ್ಡ ಕೆಮ್ಮು, ಸರಿಯಾಗಿ ಎರಡು ಸಲ. ಒಂದು ಕ್ಷಣ ಬಿಟ್ಟು ಮೂಲೆಯಿಂದ ಯಾರೋ, ‘ಕೊಡಪಾನ ಎಲ್ಲಿ?’ ಎಂದರು. ಆಮೇಲೆ ಬಿದ್ದ ನಗುವಿಗೆ ಗೆರಸೆಯ ಹುಡಿಯೆಲ್ಲ ಹಾರಿತು. ಫ್ಯಾನು ಹಾಕಬಾರದೆಂದು ಇಷ್ಟು ವರ್ಷ ಬೆವರಿದವರು ತಾವೇ ಗಾಳಿ ಎಬ್ಬಿಸಿಕೊಂಡರು.

ನಗು ಇಳಿದ ಮೇಲೆ ಅಮ್ಮ, ‘ನನ್ನ ಕೆಮ್ಮನ್ನು ಸಿನಿಮಾಕ್ಕೆ ಹಾಕ್ಲಿಕ್ಕೆ ನಿನಗೆ ಯಾರು ಹೇಳಿದ್ದು?’ ಎಂದಳು. ‘ತೆಗಿಬೇಕಾ?’ ಎಂದು ಖದೀಜಕ್ಕ ಕೇಳಿದರು, ಕೇಳುವಾಗ ಅವರ ಕೈ ಶಾಲಿನ ಅಂಚನ್ನು ಸುತ್ತುತ್ತಿತ್ತು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಬೇಡ. ಸಮ ಹೇಳಿದ್ದೀ. ಇರಲಿ’ ಎಂದಳು. ಉಳಿದವರೂ ಇರಲಿ, ಇರಲಿ ಎಂದರು. ಆಗ ಖದೀಜಕ್ಕ ಮಗಳ ಕಡೆಗೆ ತಿರುಗಿ ಹೂಂ ಎಂದರು. ಅಷ್ಟಕ್ಕೇ ನಿಲ್ಲದೆ, ‘ಇನ್ನೊಮ್ಮೆ ಹಾಕು. ಸ್ವಲ್ಪ ದೊಡ್ಡಕ್ಕೆ’ ಎಂದರು.

ಎದುರು ಬ್ರಾಂಚಿಗೆ ಕೇಳ್ತದೆ ಎಂದು ನಾನು ನೆನಪಿಸಿದೆ.

‘ಕೇಳಲಿ’ ಎಂದರು ಖದೀಜಕ್ಕ. ಅವರ ಮಟ್ಟಿಗೆ ಅದು ಕೂಗು.

ರಿಮೋಟಿನಲ್ಲಿ ಸೌಂಡು ಎಷ್ಟು ಏರುತ್ತದೋ ಅಷ್ಟೂ ಏರಿಸಿದೆ. ಕೆಮ್ಮಿನ ಮಾತು ಬರುವ ಹೊತ್ತಿಗೆ ಎದುರಿನ ಬ್ರಾಂಚಿನಲ್ಲಿ ಬೀಡಿ ಮುಟ್ಟಿ ನೋಡುತ್ತಿದ್ದವರು ಕೈಯಲ್ಲಿ ಕಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಯಾರೂ ಸೌಂಡು ಇಳಿಸಲಿಲ್ಲ.

ಮರುದಿನ ಶಹಲಾಳ ಚಿತ್ರ ಒಂದು ಮಾತೂ ಕಡಿಮೆಯಾಗದೆ ಮೂಡುಬಿದಿರೆಗೆ ಹೋಯಿತು. ಚಿತ್ರಕೂಟದ ಪರವಾಗಿ ತಮಗೆ ಕೃತಜ್ಞತೆ ತಿಳಿಸಬೇಕೆಂದು ನಾನು ಸೂಚಿಸಿದೆ. ಖದೀಜಕ್ಕ ಅನುಮೋದಿಸಿದರು. ಅವರು ಅನುಮೋದಿಸಿದ್ದು ಎಲ್ಲರಿಗೂ ಕೇಳಿಸಿತು.

ಸದಾ ತಮ್ಮ ಗರ್ಜನೆಯ ಅಭಿಮಾನಿ ಮತ್ತು
ತಮ್ಮ ವಿಶ್ವಾಸಿ,
ಸಾತ್ವಿಕಾ
ಮಧ್ಯಾಹ್ನದ ಚಿತ್ರಕೂಟ, ಬೀಡಿ ಬ್ರಾಂಚಿನ ಎದುರು, ವಾಮದಪದವು

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ತಮ್ಮನ್ನು ತಯಾರಿಸಿದ ಕಂಪೆನಿಗೂ ಕಳುಹಿಸಿದ್ದೇನೆ. ಕಾರ್ಡು ಬದಲಿಸಿ ಕೊಡಿ ಎಂದು ಕೇಳಿಲ್ಲ. ಹೊಗೆಸೊಪ್ಪಿನ ಹುಡಿ ಇರುವಲ್ಲಿ ದುಡಿದರೆ ಆಯುಷ್ಯಕ್ಕೆ ಹಾನಿ ಎಂದು ಅವರು ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕಂಪೆನಿಯ ಮೊಹರಿನೊಂದಿಗೆ ಬರೆದು ಕಳುಹಿಸಿದರೆ ಸಾಕು. ಅಂಟಿಸಲಿಕ್ಕೆ ಬ್ರಾಂಚಿನ ಬಾಗಿಲು ನೋಡಿಟ್ಟಿದ್ದೇನೆ, ಅಂಟಿಗೆ ಮೈದಾವನ್ನು ಅಮ್ಮ ಕಾಯಿಸುತ್ತಾಳಂತೆ.